ಬೀಗರ ನೆತ್ತಿಯ ಹರಳೆಣ್ಣೆ

ಈ ಬೇಸಿಗೆ ರಜೆಗೆ ಮೊಮ್ಮಗಳು ನಮ್ಮ ಮನೆಯಲ್ಲಿದ್ದಾಳೆ. ಅಜ್ಜಿ ಹೋಗಿ ಬಸ್ಸಿನಲ್ಲಿ ಕರೆದುಕೊಂಡು ಬಂದಳು ಎಂದು ಬೀದಿಯವರೆಲ್ಲ ತಿಳಿದಿದ್ದಾರೆ. ಕರೆದುಕೊಂಡು ಬಂದದ್ದಲ್ಲ, ಇಸ್ಪೀಟಿನಲ್ಲಿ ಗೆದ್ದು ತಂದದ್ದು. ಹುತ್ತೂರಿನ ಕಡೆಯ ನಮ್ಮ ಸಣ್ಣ ಊರಿನಲ್ಲಿ ಯಾರಾದರೂ ಏನಾದರೂ ಗೆದ್ದರೆ ಪಟಾಕಿ ಹೊಡೆಯುತ್ತಾರೆ. ನಾನು ಹೊಡೆಯಲಿಲ್ಲ, ರೇಷ್ಮೆ ಹುಳದ ಮನೆಗೆ ಹೊಗೆ ಆಗುವುದಿಲ್ಲ. ಅದಕ್ಕೇ ಬರೆದು ಸಂತೋಷ ತೀರಿಸಿಕೊಳ್ಳುತ್ತಿದ್ದೇನೆ. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು ನಾನು. ಅಕ್ಷರ ಸೊಟ್ಟಗಿದ್ದರೆ ಇರಲಿ, ಗೆದ್ದದ್ದು ನೆಟ್ಟಗೇ ಇದೆ.

ಮೊದಲು ಪಂದ್ಯ ಯಾತಕ್ಕೆ ಬಂತು ಅಂತ ಹೇಳಬೇಕು. ನನ್ನ ಕಿರಿಯ ಮಗ, ಸೊಸೆ ಇಬ್ಬರೂ ಕೋಲಾರದಲ್ಲಿ ಕೆಲಸಕ್ಕೆ ಹೋಗುವವರು. ಸ್ಕೂಲಿಗೆ ರಜೆ ಬಿಟ್ಟರೆ ಹುಡುಗಿಯನ್ನು ಹಗಲಲ್ಲಿ ನೋಡಿಕೊಳ್ಳುವವರಿಲ್ಲ. ಒಂದೋ ನಮ್ಮಲ್ಲಿಗೆ ಬರಬೇಕು, ಇಲ್ಲ ಸೊಸೆಯ ತವರಿಗೆ ಹೋಗಬೇಕು. ಆ ತವರು ಶ್ರೀನಿವಾಸಪುರದ ಕಡೆ. ಅಲ್ಲಿ ಬೀಗರಿಗೆ ಮಾವಿನ ತೋಪಿದೆ. ರಜೆ ಬರುವುದೂ ಕಾಯಿ ಬಲಿಯುವುದೂ ಒಂದೇ ಹೊತ್ತಿಗೆ. ನಮ್ಮಲ್ಲಿ ಏನಿದೆ? ರಾಗಿ ಹೊಲ, ಹಿಪ್ಪುನೇರಳೆ ತೋಟ, ರೇಷ್ಮೆ ಹುಳ. ಹುಳವನ್ನು ಉಪ್ಪು ಖಾರ ಹಚ್ಚಿ ತಿನ್ನುವುದಕ್ಕಾಗುತ್ತದೆಯೇ?

ಅರ್ಧರ್ಧ ಮಾಡಿಕೊಳ್ಳಿ ಎಂದಳು ಸೊಸೆ. ಒಂದು ವರ್ಷ ಹಾಗೇ ಮಾಡಿದೆವು. ಮೊದಲರ್ಧಕ್ಕೆ ತೋಪಿಗೆ ಹೋದ ಮಗು ಎರಡನೇ ಅರ್ಧಕ್ಕೆ ಮರದಿಂದ ಇಳಿಯಲೇ ಇಲ್ಲ. ಆಮೇಲಿನ ಯುಗಾದಿಗೆ ಬೀಗರೇ ನಗುತ್ತಾ ಈ ಪಂದ್ಯ ಕಟ್ಟಿದರು. ಹಬ್ಬದ ಮಾರನೇ ದಿನ ವರ್ಷತೊಡಕಿಗೆ ನಾವೆಲ್ಲ ಕೋಲಾರದಲ್ಲಿ ಮಗನ ಮನೆಯಲ್ಲಿ ಸೇರುತ್ತೇವೆ. ಬಾಡೂಟ ಆದಮೇಲೆ ಇಸ್ಪೀಟು ಆಡುವುದು ಎಲ್ಲ ಮನೆಗಳಲ್ಲೂ ಇರುವುದೇ. ಅವತ್ತು ಆಟದಲ್ಲಿ ಗೆದ್ದವರಿಗೆ ಇಡೀ ರಜೆ ಮಗು. ನಾನು ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಒಂದು ವರ್ಷವೂ ನಾವು ಗೆದ್ದಿರಲಿಲ್ಲ.

ನನಗೆ ಆಟ ಬರುವುದಿಲ್ಲ ಎಂದುಕೊಳ್ಳಬೇಡಿ. ನನ್ನ ತವರು ನಂಗಲಿ. ಅಣ್ಣಂದಿರು ಲಾರಿ ಓಡಿಸುತ್ತಿದ್ದರು. ಲಾರಿ ನಿಂತ ದಿನ ಜಗಲಿಯ ಮೇಲೆ ಇಸ್ಪೀಟು, ನಾಲ್ಕನೇ ಕೈ ಕಡಿಮೆ ಬಿದ್ದರೆ ನನ್ನನ್ನು ಎಳೆದು ಕೂರಿಸುತ್ತಿದ್ದರು. ಮನುಷ್ಯರು ಎಷ್ಟು ಥರ ಕಳ್ಳಾಟ ಆಡುತ್ತಾರೆ ಎನ್ನುವುದನ್ನು ನಾನು ಕಲಿತದ್ದು ಅಲ್ಲಿ. ದೊಡ್ಡಣ್ಣ ಎಲೆ ಹಂಚುವಾಗ ಬೆಳ್ಳಗೆ ತಿಕ್ಕಿದ ನೀರಿನ ಚೊಂಬನ್ನು ಮಂಡಿಯ ಪಕ್ಕ ಇಟ್ಟುಕೊಳ್ಳುತ್ತಿದ್ದ, ಹೋಗುವ ಎಲೆಯೆಲ್ಲ ಅದರ ಹೊಟ್ಟೆಯಲ್ಲಿ ಕಾಣುತ್ತಿತ್ತು. ಚಿಕ್ಕಣ್ಣನ ಟವೆಲ್ಲು ಪದೇ ಪದೇ ಕೆಳಗೆ ಬೀಳುತ್ತಿತ್ತು. ಅದನ್ನು ಎತ್ತಿಕೊಂಡಾಗ ಅವನ ಕೈಯಲ್ಲಿ ಒಂದು ಎಲೆ ಹೊಸದಾಗಿರುತ್ತಿತ್ತು. ನಮ್ಮ ಚಿಕ್ಕಮ್ಮ ವೀಳ್ಯದೆಲೆ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡೇ ಕೂರುವವಳು. ಅಡಿಕೆ ಹುಡುಕುತ್ತಾ ಹುಡುಕುತ್ತಾ ಎಕ್ಕವನ್ನೇ ಹುಡುಕಿ ತೆಗೆಯುತ್ತಿದ್ದಳು. ಅಪ್ಪ ಮಾತ್ರ ಗೊರಕೆ ಹೊಡೆಯುತ್ತಾ ಪಕ್ಕದವರ ಕೈ ನೋಡುವವನು. "ಕಳ್ಳಾಟ ಆಡೋನ್ ಮಕ ನೋಡ್ಬೇಡಮ್ಮಾ, ಮಕ ಎಲ್ರದ್ದೂ ದೇವ್ರಂಗೇ ಇರ್ತದೆ. ಕೈ ನೋಡು" ಎನ್ನುತ್ತಿದ್ದ.

ಇಷ್ಟೆಲ್ಲ ಕಲಿತು ಬಂದವಳಿಗೆ ಜೊತೆಗಾರರಾಗಿ ಸಿಕ್ಕಿದ್ದು ನಮ್ಮ ಯಜಮಾನರು. ಅವರ ಕೈಗೆ ಒಳ್ಳೆಯ ಎಲೆ ಬಂದರೆ ಮೀಸೆಯೇ ನಗುತ್ತದೆ, ಕೆಟ್ಟ ಎಲೆ ಬಂದರೆ "ಥೂ" ಎಂದು ಬಾಯಿಬಿಟ್ಟೇ ಹೇಳುತ್ತಾರೆ. ಎದುರಿಗೆ ಬೀಗರು ಮತ್ತು ಬೀಗಿತ್ತಿ. ಗಂಡ ಹೆಂಡತಿ ಮನೆಯಲ್ಲಿ ಹಾವು ಮುಂಗುಸಿ, ಆಟಕ್ಕೆ ಕೂತರೆ ಒಂದೇ ನೊಗದ ಎತ್ತು. ಒಂದು ವರ್ಷ ಬೀಗಿತ್ತಿ ಕೆಮ್ಮಿನಲ್ಲೇ ಎಲೆ ಹೇಳಿದರು. ಅದನ್ನು ಹಿಡಿದೆ. ಮುಂದಿನ ವರ್ಷ ಕಾಲ್ಬೆರಳು ಒತ್ತುವುದು ಶುರುವಾಯಿತು. ಅದನ್ನೂ ಹಿಡಿದೆ. ಆದರೆ ನಾನು ಹಿಡಿಯುವಷ್ಟರಲ್ಲಿ ಪ್ರತಿ ವರ್ಷವೂ ಆಟ ಮುಗಿದು ಮಗು ಮಾವಿನ ತೋಪಿನ ಪಾಲಾಗಿರುತ್ತಿತ್ತು.

ಹಿಡಿಯುವುದಕ್ಕೂ ನಮ್ಮಲ್ಲಿ ಕಟ್ಟಳೆ ಇದೆ. ಕಳ್ಳಾಟ ಮಾಡುತ್ತಿರುವಾಗಲೇ ಕೈ ಹಿಡಿದು ತೋರಿಸಬೇಕು. ಸಿಕ್ಕಿಬಿದ್ದವರು ಆ ಆಟ ಸೋತ ಹಾಗೆ, ಮೇಲೆ ಹಬ್ಬದ ಬೇವನ್ನು ಬೆಲ್ಲವಿಲ್ಲದೆ ಅಗಿದು ತಿನ್ನಬೇಕು. ತೋರಿಸಲಾಗದೆ ಸುಮ್ಮನೆ "ಕಳ್ಳಾಟ" ಎಂದು ಕೂಗಿದವರಿಗೂ ಅದೇ ಶಿಕ್ಷೆ, ಅದೇ ಬೇವು. ಆದ್ದರಿಂದ ಅನುಮಾನ ಬಂದರೂ ಯಾರೂ ಬಾಯಿ ಬಿಡುವುದಿಲ್ಲ.

ಈ ವರ್ಷ ಯಜಮಾನರಿಗೆ ಕಣ್ಣಿನ ಆಪರೇಷನ್ ಆಗಿತ್ತು. ಕೆಂಪು ಯಾವುದು, ಕಪ್ಪು ಯಾವುದು ಎಂದು ನನ್ನನ್ನೇ ಕೇಳುವಂತಿದ್ದರು. ಊಟ ಆಯಿತು, ಚಾಪೆ ಹಾಸಿದರು. ಅವರ ಜಾಗಕ್ಕೆ ಯಾರು ಎನ್ನುವಾಗ ಮೊಮ್ಮಗಳು ಬಂದು ಚಕ್ಕಳಮಕ್ಕಳ ಹಾಕಿ ಕೂತಳು.

"ನಾನ್ ಆಡ್ತೀನಿ. ನಂಗ್ ಬರತ್ತೆ."

ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಏನಮ್ಮಾ ಇದು! ಪಂದ್ಯಕ್ಕಿಟ್ಟಿದ್ದೇ ಬಂದು ಆಟಕ್ಕೆ ಕೂತ್ಕೊಂತಲ್ಲಾ! ಕೂತ್ಕೋ ಪಾಪಾ, ಕೂತ್ಕೋ. ಸೋತ್ರೂ ನಿಂಗ್ ಮಾವಿನಣ್ಣು."

ಸೊಸೆ, "ಅಪ್ಪಾ, ಮಗು ಜೊತೆ ಆದ್ರೂ ನ್ಯಾಯವಾಗ್ ಆಡು" ಎಂದಳು.

"ನಾನ್ ಯಾವತ್ತಮ್ಮಾ ಅನ್ಯಾಯವಾಗ್ ಆಡಿದ್ದೀನಿ?" ಎಂದು ಬೀಗರು ನೆತ್ತಿ ಸವರಿಕೊಂಡರು. ಅವರ ತಲೆ ಪೂರಾ ಬೋಳು. ಬೇಸಿಗೆ ಶುರುವಾದರೆ ತಂಪಿಗೆ ಅಂತ ನೆತ್ತಿಯ ಮೇಲೆ ಹರಳೆಣ್ಣೆ ಹೊಯ್ದುಕೊಳ್ಳುತ್ತಾರೆ. ಕಿಟಕಿಯ ಬಿಸಿಲಿಗೆ ನೆತ್ತಿ ಕಂಚಿನ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ನನಗೆ ದೊಡ್ಡಣ್ಣನ ಚೊಂಬು ನೆನಪಾಯಿತು. ಆದರೆ ಅವರ ತಲೆಯಲ್ಲಿ ನನ್ನ ಎಲೆ ಅವರಿಗೇ ಹೇಗೆ ಕಂಡೀತು ಎಂದು ಸುಮ್ಮನಾದೆ.

ನಾವು ಆಡುವುದು ಇಪ್ಪತ್ತೆಂಟು. ಆಡದವರಿಗೆ ಒಂದು ಮಾತು ಹೇಳಿದರೆ ಸಾಕು. ಈ ಆಟದಲ್ಲಿ ರಾಜ ರಾಣಿಗೆ ಬೆಲೆಯಿಲ್ಲ, ಗುಲಾಮನೇ ಎಲ್ಲರಿಗಿಂತ ದೊಡ್ಡವನು, ಅವನ ಕೆಳಗೆ ಒಂಬತ್ತು. ನಾಲ್ಕು ಗುಲಾಮರು ಯಾರ ಯಾರ ಕೈಯಲ್ಲಿದ್ದಾರೆ ಎಂದು ಗೊತ್ತಾದರೆ ಆಟ ಗೆದ್ದ ಹಾಗೆಯೇ. ಮೊದಲು ಮೂರು ಆಟ ಗೆದ್ದವರಿಗೆ ಮಗು.

ಮಗುವಿಗೆ ಕೈ ಪಳಗಲಿ ಎಂದು ಬೀಗರೇ ಎಲೆ ಕಲೆಸಿ ಎರಡು ಆಟ ಲೆಕ್ಕವಿಲ್ಲದೆ ಆಡಿಸಿದರು. ಆಮೇಲೆ ಪಂದ್ಯದ ಮೊದಲನೇ ಆಟ ಸೋತೆವು. ಎರಡನೆಯದನ್ನೂ ಸೋತೆವು. ನನ್ನ ಕೈಯಲ್ಲಿ ಗುಲಾಮ ಇದ್ದರೆ ಬೀಗರು ತಮ್ಮ ಒಂಬತ್ತನ್ನು ಇಳಿಸುತ್ತಲೇ ಇರಲಿಲ್ಲ. ಇಲ್ಲದಿದ್ದರೆ ಎದೆ ತಟ್ಟಿ ಇಳಿಸುತ್ತಿದ್ದರು. ನಾನು ಬೀಗಿತ್ತಿಯ ಗಂಟಲು ನೋಡಿದೆ, ಕಾಲ್ಬೆರಳು ನೋಡಿದೆ, ಬಳೆ ನೋಡಿದೆ. ಪಾಪ, ಆಯಮ್ಮ ಕಲ್ಲಿನ ಹಾಗೆ ಕೂತಿದ್ದರು. ಇನ್ನೊಂದು ಆಟ ಹೋದರೆ ಈ ವರ್ಷವೂ ಹೋಯಿತು. ಮಗು ಬೆಳೆಯುತ್ತಿದೆ, ಇನ್ನೆಷ್ಟು ರಜೆಗೆ ಅಜ್ಜಿಯ ಸೆರಗು ಹಿಡಿದುಕೊಂಡು ತಿರುಗೀತು?

ಮೂರನೇ ಆಟಕ್ಕೆ ಎಲೆ ಕಲೆಸುವ ಸರದಿ ಮೊಮ್ಮಗಳದು. ಕಲೆಸುತ್ತಾ ಕಲೆಸುತ್ತಾ ಕೈ ನಿಲ್ಲಿಸಿದಳು. ಬೆರಳು ಮೂಸಿ ನೋಡಿಕೊಂಡಳು. ಆಮೇಲೆ ಕಟ್ಟನ್ನು ಚಾಪೆಯ ಮೇಲಿಟ್ಟು ಎದ್ದು, "ಅಜ್ಜೀ, ಕೈ ತೊಳ್ಕೊಂಡ್ ಬರ್ತೀನಿ" ಎಂದು ಹೋದಳು.

ಬೇರೆ ಯಾರಿಗೂ ಇದು ದೊಡ್ಡದಾಗಿ ಕಾಣಲಿಲ್ಲ. ನನಗೆ ಮಾತ್ರ ಹುಳದ ಮನೆ ನೆನಪಾಯಿತು. ಎಣ್ಣೆ ಕೈಯಲ್ಲಿ ಹುಳದ ಮನೆಯ ಬಾಗಿಲು ದಾಟಬಾರದು ಎನ್ನುವುದು ನಮ್ಮಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಸೊಪ್ಪಿಗೆ ಎಣ್ಣೆ ತಾಗಿದರೆ ಹುಳ ಮೂಸುವುದಿಲ್ಲ. ಹಬ್ಬ ಹುಣ್ಣಿಮೆಗೆ ಬಂದಾಗಲೆಲ್ಲ ನಾನೇ ಅವಳ ಕೈ ಮೂಸಿ ಒಳಗೆ ಬಿಟ್ಟವಳು. ಅವಳು ಹಾಗೆ ಎದ್ದು ಹೋದಳೆಂದರೆ ಎಲೆಯಲ್ಲಿ ಎಣ್ಣೆ ಇದೆ.

ಮೇಲಿನ ಎಲೆಯನ್ನು ಸುಮ್ಮನೆ ಎತ್ತಿ ಬೆಳಕಿಗೆ ಹಿಡಿದೆ. ಏನೂ ಇಲ್ಲ. ಇನ್ನೊಂದು ಎತ್ತಿದೆ. ಇಲ್ಲ. ಮತ್ತೊಂದು ಎತ್ತಿದರೆ, ಬೆನ್ನಿನ ಮೂಲೆಯಲ್ಲಿ ಹೆಬ್ಬೆರಳಗಲ ಜಾಗ ಹಣ್ಣಾದ ಹುಳದ ಮೈಯಂತೆ ಬೆಳಕಾಗಿತ್ತು. ಗೂಡು ಕಟ್ಟುವ ಹೊತ್ತಿಗೆ ಹುಳ ಹೀಗೇ ಒಳಗಿನಿಂದ ತಿಳಿಯಾಗುತ್ತದೆ. ಸಾವಿರ ಹುಳದ ನಡುವೆ ಅದನ್ನು ನೋಡಿ ಆರಿಸುವುದೇ ನನ್ನ ಕಸುಬು. ಎಲೆ ತಿರುಗಿಸಿದೆ. ಆಟೀನು ಗುಲಾಮ!

ಅಲ್ಲಿಗೆ ತಿಳಿಯಿತು. ಬೀಗರು ನೆತ್ತಿ ಸವರಿಕೊಂಡದ್ದು ತಂಪಿಗಲ್ಲ. ಕೈಗೆ ಗುಲಾಮ ಬಂದಾಗಲೆಲ್ಲ ನೆತ್ತಿ ಮುಟ್ಟಿ ಎಲೆಯ ಬೆನ್ನಿಗೊಂದು ಹೆಬ್ಬೆಟ್ಟು! ಆಮೇಲೆ ಅದು ಯಾರ ಕೈಗೆ ಹೋದರೂ ಎದುರಿನಿಂದಲೇ ಕಾಣುತ್ತದೆ.

ಕೂಗಲೇ ಎಂದು ಬಾಯಿವರೆಗೂ ಬಂತು. ಕೂಗಿದ್ದರೆ ನಾನೇ ಬೇವು ತಿನ್ನುತ್ತಿದ್ದೆ. ಕೈ ಹಿಡಿದಿಲ್ಲವಲ್ಲ, ಎಲೆಯ ಮೇಲೆ ಯಾರ ಹೆಸರೂ ಇಲ್ಲವಲ್ಲ. ಅಷ್ಟರಲ್ಲಿ ಇನ್ನೊಂದು ಹೊಳೆಯಿತು. ಅವರಿಗೆ ಕಾಣುವ ಗುರುತು ನನಗೇಕೆ ಕಾಣಬಾರದು? ಬೀಗರು ನೆತ್ತಿಯ ಎಣ್ಣೆಯಲ್ಲಿ ದೀಪ ಹಚ್ಚಿಟ್ಟಿದ್ದಾರೆ. ಅವರೊಬ್ಬರೇ ಆ ಬೆಳಕಿನಲ್ಲಿ ನಡೆಯಬೇಕೆಂದು ಎಲ್ಲಿದೆ?

ಮೊಮ್ಮಗಳು ಕೈ ಒರೆಸಿಕೊಂಡು ಬಂದು ಕೂತಳು. ಒಂದು ಸಲ ತಾತನ ನೆತ್ತಿ ನೋಡಿದಳು, ಒಂದು ಸಲ ನನ್ನನ್ನು ನೋಡಿದಳು. ನಾನು ಬಾಯಿ ಬಿಡಲಿಲ್ಲ, ಅವಳೂ ಬಿಡಲಿಲ್ಲ. ನಮ್ಮ ಅಪ್ಪ ಇದ್ದಿದ್ದರೆ ಗೊರಕೆ ಬಿಟ್ಟು ಎದ್ದು ಕೂರುತ್ತಿದ್ದ.

ಮೂರನೇ ಆಟ ಗೆದ್ದೆವು. ಬೀಗರು "ಮಗು ಕೈಗುಣ" ಎಂದರು. ನಾಲ್ಕನೆಯದನ್ನೂ ಗೆದ್ದೆವು. ಈಗ ಅವರು ನೆತ್ತಿಯನ್ನು ಇನ್ನಷ್ಟು ಸವರಿಕೊಂಡರು. ಸವರಿಕೊಂಡಷ್ಟೂ ಗುರುತು ದಪ್ಪವಾಗುತ್ತಿತ್ತು, ನನ್ನ ಕಣ್ಣಿಗೆ ಹಬ್ಬವಾಗುತ್ತಿತ್ತು.

ಐದನೇ ಆಟ. ಈ ಆಟ ಯಾರದೋ ರಜೆ ಅವರದು. ಬೀಗರ ಕೈಯಲ್ಲಿ ಒಂದು ಗುಲಾಮ, ಬಲಗಡೆಯಿಂದ ಎರಡನೆಯದು. ನನಗೆ ಕನ್ನಡಿಯಲ್ಲಿ ನೋಡಿದ ಹಾಗೆ ಕಾಣುತ್ತಿದೆ. ಅದು ಇಳಿದು ಹೋಗುವವರೆಗೆ ನನ್ನ ಒಂಬತ್ತನ್ನು ಬಿಗಿಯಾಗಿ ಹಿಡಿದು ಕೂತೆ. ಇಳಿಯಿತು. ನಾನು ಒಂದು ಏಳನ್ನು ಹಾಕಿದೆ. ಮುಂದಿನ ಸುತ್ತಿಗೆ ಒಂಬತ್ತನ್ನು ಚಾಪೆಗೆ ಅಪ್ಪಳಿಸಿದೆ. ಮೊಮ್ಮಗಳು ತನ್ನ ಎಕ್ಕವನ್ನು ಅದರ ಮೇಲೆ ಹಾಕಿ ಕಿಲಕಿಲ ನಕ್ಕಳು. ಅಲ್ಲಿಗೆ ಆಟ ನಮ್ಮದಾಯಿತು.

ಬೀಗರಿಗೆ ತಡೆಯಲಾಗಲಿಲ್ಲ. "ಕಳ್ಳಾಟ!" ಎಂದು ಕೂಗಿ ನನ್ನ ಮುಂಗೈ ಹಿಡಿದೇಬಿಟ್ಟರು.

"ತೋರ್ಸಿ ಬೀಗರೇ" ಎಂದೆ. ಸೆರಗು ಒದರಿದೆ. ಚಾಪೆ ಎತ್ತಿ ತೋರಿಸಿದೆ. ಬಳೆ ಸರಿಸಿ ತೋರಿಸಿದೆ. ಒಂದು ಎಲೆಯೂ ಉದುರಲಿಲ್ಲ.

"ನನ್ ಕೈಲಿ ಗುಲಾಮ ಇರೋದು ನಿಮ್ಗೆ ಎಂಗ್ ಗೊತ್ತಾಯ್ತು? ಆವಾಗ್ಲೇ ಯಾಕ್ ಒಂಬತ್ತು ಬಿಡ್ಲಿಲ್ಲ?"

"ಎಂಗ್ ಗೊತ್ತಾಗತ್ತೆ ಅಂತ ನೀವೇ ಹೇಳಿ. ಗೊತ್ತಾಗೋ ದಾರಿ ಏನಾದ್ರೂ ಐತಾ?"

ಹೇಳಿದರೆ ಬೀಗರು ತಾವೇ ಕಳ್ಳರು, ಹೇಳದಿದ್ದರೆ ಸುಳ್ಳು ಕೂಗಿದವರು. ಎರಡು ಕಡೆಗೂ ಬೇವೇ. ಅವರ ಕೈ ತಾನಾಗಿಯೇ ನೆತ್ತಿಗೆ ಹೋಯಿತು.

ಅದನ್ನು ನೋಡಿ ಬೀಗಿತ್ತಿ ಹಣೆ ಚಚ್ಚಿಕೊಂಡರು. "ನೇನು ಚೆಪ್ಪಲೇದಾ? ಬಸ್ಸಲ್ಲೇ ಹೇಳ್ದೆ, ಹೇಳಲಿಲ್ವಾ? ಆ ಎಣ್ಣೆ ತಲೇಲಿ ಆಟಕ್ಕೆ ಕೂತ್ಕೋಬೇಡಿ, ಇವ್ರು ರೇಷ್ಮೆ ಮನೆಯವ್ರು, ವಾಸನೆ ಹಿಡೀತಾರೆ ಅಂತ!"

ಮೊದಲು ನಕ್ಕವಳು ಅವರ ಮಗಳೇ, ನನ್ನ ಸೊಸೆ. ನಕ್ಕು ನಕ್ಕು ಗೋಡೆಗೆ ಒರಗಿದಳು. ಯಜಮಾನರು ಕಪ್ಪು ಕನ್ನಡಕದ ಹಿಂದಿನಿಂದ, "ಲೇ, ಹಂಗಾದ್ರೆ ನೀನೂ ಅದೇ ಗುರ್ತು ನೋಡ್ಕೊಂಡ್ ಆಡ್ದೆಯೇನೇ? ಅದೂ ಕಳ್ಳಾಟವೇ ಕಣೇ" ಎಂದರು.

"ಕಣ್ಣು ಮುಚ್ಕೊಂಡ್ ಆಡ್ಬೇಕು ಅಂತ ಕಟ್ಟಳೆ ಇಲ್ವಲ್ಲ" ಎಂದೆ.

ಮೊಮ್ಮಗಳು ಅಡುಗೆ ಮನೆಗೆ ಓಡಿ ಹಬ್ಬದ ಬೇವಿನ ಬಟ್ಟಲು ತಂದಳು. ಬೆಲ್ಲವನ್ನು ಬೇಕೆಂದೇ ಬಿಟ್ಟು ಬಂದಿದ್ದಳು. ಬೀಗರು ದೊಡ್ಡ ಮನುಷ್ಯರು, ಅದನ್ನು ಒಪ್ಪಿಕೊಳ್ಳಲೇಬೇಕು. ಮುಖ ಕಿವುಚಿಕೊಂಡು ಪೂರಾ ಅಗಿದರು. "ಕಹಿ ಪರವಾಗಿಲ್ಲ ಪಾಪಾ. ಆದ್ರೆ ನಮ್ ಎಣ್ಣೇಲೇ ನಮ್ಗೇ ಒಗ್ಗರಣೆ ಹಾಕಿದ್ರಲ್ಲಾ ನಿಮ್ಮಜ್ಜಿ!" ಎಂದು ಕೈ ಮುಗಿದರು. ಆ ಮಾತಿಗೆ ನನಗೆ ಮಾವಿನ ತೋಪನ್ನೇ ಬರೆದುಕೊಟ್ಟಷ್ಟು ಸಂತೋಷವಾಯಿತು.

ಈಗ ನಮ್ಮಲ್ಲಿ ಹುಳ ನಾಲ್ಕನೇ ಜ್ವರ ಎದ್ದಿವೆ. ಜ್ವರ ಎಂದರೆ ಹೆದರಬೇಡಿ, ಹುಳ ಪೊರೆ ಕಳಚುವುದಕ್ಕೆ ನಾವು ಹಾಗೆನ್ನುತ್ತೇವೆ. ಎದ್ದ ಮೇಲೆ ಅವು ಸೊಪ್ಪು ತಿನ್ನುವ ಸದ್ದು ಮಳೆ ಬಂದ ಹಾಗೆ. ಮೊಮ್ಮಗಳು ಬೆಳಿಗ್ಗೆ ನನ್ನ ಜೊತೆ ಸೊಪ್ಪು ಹಾಕುತ್ತಾಳೆ, ಆ ಸದ್ದಿಗೆ ಕಿವಿ ಕೊಟ್ಟು ನಿಲ್ಲುತ್ತಾಳೆ. ಮೊನ್ನೆ ಬೀಗರು ತಾವೇ ಬಂದು ಒಂದು ಕ್ರೇಟು ಮಾವಿನಹಣ್ಣು ಇಳಿಸಿ ಹೋದರು. ಹುಳದ ಮನೆ ನೋಡುತ್ತೇನೆ ಎಂದವರನ್ನು ಮೊಮ್ಮಗಳು ಬಾಗಿಲಲ್ಲೇ ತಡೆದು, ಸೋಪು ಕೊಟ್ಟು, ಕೈ ಮೂಸಿಯೇ ಒಳಗೆ ಬಿಟ್ಟಳು.

ಮಧ್ಯಾಹ್ನ ಕೆಲಸವಿಲ್ಲದಾಗ ನಾವಿಬ್ಬರೂ ಜಗಲಿಯ ಮೇಲೆ ಇಸ್ಪೀಟು ಹಾಕುತ್ತೇವೆ. ಈ ವಾರ ಅವಳೇ ಗೆಲ್ಲುತ್ತಿದ್ದಾಳೆ. ನಿನ್ನೆ ಆಟಕ್ಕೆ ಕೂರುವ ಮೊದಲು ಬಂದು, "ಅಜ್ಜೀ, ಬಿಸ್ಲು ಜಾಸ್ತಿ, ನಿನ್ ನೆತ್ತಿಗೆ ಸ್ವಲ್ಪ ಎಣ್ಣೆ ಹಚ್ಲಾ?" ಎಂದಳು.

ಹಚ್ಚು ಎಂದೆ. ಹಚ್ಚಿಸಿಕೊಂಡು ಸೋತೂ ಸೋತೆ. ಇವತ್ತು ಮಾತ್ರ ಬೆಲ್ಲದ ಡಬ್ಬಿಯನ್ನು ಅಟ್ಟದ ಮೇಲೆ ಎತ್ತಿಟ್ಟು, ಹಿತ್ತಲಿನಿಂದ ಒಂದು ಎಳೆ ಬೇವಿನ ಚಿಗುರು ಕಿತ್ತು ತಂದು, ಅವಳ ಹೆಬ್ಬೆರಳನ್ನೇ ನೋಡುತ್ತಾ ಕೂತಿದ್ದೇನೆ.