ಹೇಳದೆ ಸರಿಸಿದ ಸೈಟು

ಬ್ಯಾಂಕಿನ ಹಣ ಸಾಗಿಸುವ ಕಂಪನಿಯ ವ್ಯಾನಿನಲ್ಲಿ ಪಿಸ್ತೂಲು ಹಿಡಿದು ಕೂರುವ ಕೆಲಸ ಆಕೆಯದು. ಜೊತೆಯವರು ಇಟ್ಟ ಹೆಸರು ಸಿಡಿಮಿಡಿ. ಕೋಪ ಮೂಗಿನ ತುದಿಯಲ್ಲೇ ಇದೆ ಎಂದು ಆಡಿಕೊಳ್ಳುತ್ತಿದ್ದರು. ಅದನ್ನು ಅಲ್ಲಿ ತಂದು ಕೂರಿಸಿದವರು ಯಾರೆಂದು ಒಬ್ಬರೂ ಕೇಳಲಿಲ್ಲ. ಕೂರಿಸಿದವರು ಆಕೆಯ ಮಾವ. ಗಂಡನ ಅಪ್ಪ, ಸಾಲದ್ದಕ್ಕೆ ಅದೇ ಕಂಪನಿಯ ಆಯುಧಗಳನ್ನು ರಿಪೇರಿ ಮಾಡುವವರು. ಮನೆಯಲ್ಲೂ ಅವರದೇ ಕೊನೆಯ ಮಾತು, ಕಂಪನಿಯಲ್ಲೂ ಅವರದೇ.

ಆಕೆಯ ಪಿಸ್ತೂಲು ಎಡಕ್ಕೆ ಹೊಡೆಯುತ್ತಿತ್ತು. ಮೇಲ್ಭಾಗದಲ್ಲಿ, ಕಣ್ಣಿಗೆ ಹತ್ತಿರವಾಗಿ, ಗುರಿ ನೋಡಲು ಕಚ್ಚು ಮಾಡಿ ಕೂರಿಸಿದ ಉಕ್ಕಿನ ತುಂಡಿಗೆ ಸೈಟು ಎನ್ನುತ್ತಾರೆ. ಅದು ಕೂದಲೆಳೆಯಷ್ಟು ಎಡಕ್ಕೆ ಜಾರಿದರೂ ಸಾಕು, ಗುಂಡು ನಾಲ್ಕು ಬೆರಳು ಎಡಕ್ಕೆ ಹೋಗಿ ಬೀಳುತ್ತದೆ.

"ಮಾವ, ಒಂದ್ಸಲ ನನ್ನ ಸೈಟು ನೋಡ್ತೀರಾ?"

"ಸೈಟು ಸರಿಯಾಗೇ ಇದೆ. ನಿನ್ನ ಬೆರಳೇ ನೆಟ್ಟಗಿಲ್ಲ."

ಎಲ್ಲರ ಮುಂದೆ ಹೀಗಂದು ನಕ್ಕರು. ಊಟಕ್ಕೆ ಕೂತಾಗ ಮಗನಿಗೂ ಅದನ್ನೇ ಹೇಳಿ ನಕ್ಕರು, ಆ ಪುಣ್ಯಾತ್ಮನೂ ಜೊತೆಗೆ ನಕ್ಕ. ವರ್ಷವಿಡೀ ಇದೇ ರಾಗ. ರಿಪೇರಿಯವರ ಹೊರತು ಬೇರೆ ಯಾರೂ ಸೈಟು ಮುಟ್ಟುವಂತಿಲ್ಲ ಎಂಬುದು ಕಂಪನಿಯ ಕಟ್ಟಳೆ. ಆಕೆ ಹಲ್ಲು ಕಚ್ಚಿಕೊಂಡು ಅಭ್ಯಾಸ ಮಾಡಿದಳು. ಗುರಿ ಕಾಗದದ ಕಪ್ಪು ವೃತ್ತದ ಬಲ ಅಂಚಿಗೆ ಗುರಿ ಇಟ್ಟರೆ ಗುಂಡು ನಡುವಿಗೆ ಬೀಳುತ್ತದೆ ಎಂದು ಕಂಡುಕೊಂಡಳು. ಗೊರಕೆ ಹೊಡೆಯುವ ಗಂಡನ ಪಕ್ಕ ನಿದ್ದೆ ಮಾಡಲು ಕಲಿತ ಹಾಗೆ ಇದನ್ನೂ ಕಲಿತಳು.

ವಾರ್ಷಿಕ ಪರೀಕ್ಷೆಯ ದಿನ ಬಂತು. ತಪ್ಪಿದರೆ ಪಿಸ್ತೂಲು ವಾಪಸ್ಸು, ವ್ಯಾನಿನ ಕೆಲಸವೂ ಹೋಯಿತು. ಗೇಟಿನಲ್ಲಿ ಕೂತು ಬರುವವರ ಚೀಲ ತಡಕಬೇಕು. ಆ ವ್ಯಾನಿನ ಸೀಟಿಗಾಗಿ ಆಕೆ ಎಷ್ಟು ಜನರ ಜೊತೆ ಜಗಳವಾಡಿದ್ದಳೋ ಲೆಕ್ಕವಿಲ್ಲ.

ಬಲ ಅಂಚಿಗೆ ಗುರಿ ಇಟ್ಟಳು, ಉಸಿರು ಹಿಡಿದಳು, ಗುಂಡುಗಳನ್ನೆಲ್ಲ ಹೊಡೆದಳು. ಕಾಗದ ಹತ್ತಿರ ತಂದು ನೋಡಿದರೆ ತೂತುಗಳೆಲ್ಲ ಒತ್ತೊತ್ತಾಗಿ, ಅಂಗೈಯಲ್ಲಿ ಮುಚ್ಚಬಹುದಾದಷ್ಟೇ ಜಾಗದಲ್ಲಿದ್ದವು. ಒಂದೂ ವೃತ್ತದ ನಡುವಿರಲಿಲ್ಲ. ಎಲ್ಲ ಬಲಕ್ಕೆ.

ಪಿಸ್ತೂಲನ್ನು ತಿರುಗಿಸಿ ನೋಡಿದಳು. ಸೈಟಿನ ಬುಡದಲ್ಲಿ ಹೊಸದಾಗಿ ಉಜ್ಜಿದ ಗೆರೆ ಹೊಳೆಯುತ್ತಿತ್ತು. ನೇರ ರಿಪೇರಿ ಕೋಣೆಗೆ ನಡೆದಳು.

"ಸೈಟು ಸರಿಸಿದ್ರಾ?"

"ನಿನ್ನೆ ಸಂಜೆ. ಒಂಚೂರು ಎಡಕ್ಕಿತ್ತು, ಬಲಕ್ಕೆ ತಟ್ಟಿದೆ. ನಿನಗೆ ಒಳ್ಳೇದಾಗ್ಲಿ ಅಂತಾನೇ."

"ನಂಗೊಂದು ಮಾತು ಹೇಳೋಕೆ ಏನಾಗಿತ್ತು?"

"ಹೇಳೋದೇನಿದೆ ಅದರಲ್ಲಿ?"

ಹೇಳುವುದು ಬೇಕಾದಷ್ಟಿತ್ತು. ಆದರೆ ಹೇಳಿದ್ದರೆ ಸೊಸೆಯ ವರ್ಷದ ದೂರು ನಿಜವೆಂದಾಗುತ್ತಿತ್ತು. ಮಾವನಿಗೆ ಸುತ್ತಿಗೆ ಎತ್ತಲು ಬಂದ ಮನಸ್ಸು ಬಾಯಿ ಬಿಡಲು ಬರಲಿಲ್ಲ. ಇಂಥ ಉಪಕಾರಕ್ಕೆ ಬೆಂಕಿ ಬೀಳಲಿ.

ಹಿಂದೆಯೇ ಬಂದ ಪರೀಕ್ಷಕರು ಬಾಗಿಲಲ್ಲಿ ನಿಂತಿದ್ದರು. ಪಿಸ್ತೂಲಿನಿಂದ ತಪ್ಪಾಗಿದೆ ಎಂದು ರಿಪೇರಿಯವರು ಹೇಳಿದರೆ ಇನ್ನೊಂದು ಅವಕಾಶ ಕೊಡುವ ಪದ್ಧತಿಯಿತ್ತು.

"ಪಿಸ್ತೂಲಲ್ಲಿ ದೋಷ ಇದೆಯೇನ್ರೀ?"

ಮಾವ ಸೊಸೆಯ ಮುಖ ನೋಡಲಿಲ್ಲ. "ಯಾವ ದೋಷವೂ ಇಲ್ಲ ಸರ್."

"ನಿನ್ನೆವರೆಗೂ ಇತ್ತು," ಎಂದಳು ಆಕೆ. "ಮಾವ, ಅದನ್ನೂ ಹೇಳಿ."

ಅವರು ಬಟ್ಟೆ ತೆಗೆದುಕೊಂಡು, ಒರೆಸಿದ್ದ ಸುತ್ತಿಗೆಯನ್ನೇ ಮತ್ತೆ ಒರೆಸತೊಡಗಿದರು. ಪರೀಕ್ಷಕರು ಆಕೆಯ ಮುಂದೆ ಕೈ ಚಾಚಿದರು. ಆಕೆ ಪಿಸ್ತೂಲು ಕೊಟ್ಟಳು.

ಮರುದಿನ ಬೆಳಗ್ಗೆ ಆಕೆ ಮಾವನ ಸ್ಕೂಟರ್ ಹತ್ತಲಿಲ್ಲ, ಮೊದಲೇ ನಡೆದು ಹೋದಳು. ಅವರು ಬಂದಾಗ ಗೇಟಿನಲ್ಲಿ ಕೂತಿದ್ದಳು. ಹಳಬರೆಂದು ಅವರನ್ನು ಅಲ್ಲಿ ಯಾರೂ ತಡೆದದ್ದೇ ಇಲ್ಲ. ಕೈಯೆತ್ತಿ ಒಳಗೆ ಹೊರಟರು.

"ನಿಲ್ಲಿ."

ಹಿಂದೆ ಸಾಲಾಗಿ ಜನ ನಿಂತಿದ್ದರು.

"ನಾನು ಕಣೇ," ಎಂದರು ಮಾವ, ಮೆಲ್ಲಗೆ.

"ಗೊತ್ತು. ಚೀಲ ಬಿಚ್ಚಿ. ಇನ್ನು ದಿನಾ ಬಿಚ್ಚಬೇಕು."