ಕುಂಕುಮ ತಾಗಿದ ಗಾಜು

ಅಣ್ಣನ ಕ್ಯಾಮೆರಾದ ತಿದಿಯಲ್ಲಿ ತೂತು ಇರಲಿಲ್ಲ. ಇಷ್ಟನ್ನು ಹೇಳಲು ನನಗೆ ಇಂದಿಗೂ ಬಾಯಿ ಬಂದಿಲ್ಲ.

ಯುದ್ಧದ ಕಾಲ, ನಾವು ಅಕ್ಕಿಆಲೂರಿನಲ್ಲಿದ್ದೆವು. ನನಗೆ ಹತ್ತು ವರ್ಷ. ಎರಡನೇ ಇಯತ್ತೆಗೇ ಸಾಲಿ ಬಿಡಿಸಿದ್ದರು. ಅಣ್ಣ ಹಾನಗಲ್ಲಿನ ಫೋಟೋದವರೊಬ್ಬರ ಕೈಯಲ್ಲಿ ಕೆಲಸ ಕಲಿತು, ಅವರ ಹಳೆಯ ಕ್ಯಾಮೆರಾ ತಂದಿದ್ದ. ಅದರ ಮಡಿಕೆ ಮಡಿಕೆಯಾದ ಚರ್ಮದ ತಿದಿಗೆ ತಾನೇ ಇನ್ನೊಂದು ಗೇಣು ಜೋಡಿಸಿ ಇರುವೆ, ಭತ್ತದ ಹೂವು, ಜೇಡದ ಮೊಟ್ಟೆಗಳನ್ನು ದೊಡ್ಡದಾಗಿ ತೆಗೆಯುತ್ತಿದ್ದ. ಧಾರವಾಡದಿಂದ ಬಂದಿದ್ದ ಬೇಸಾಯ ಖಾತೆಯ ಸಾಹೇಬರು ಅವನ್ನು ನೋಡಿ, "ಮಿರಗದ ಹುಳದ್ದೊಂದು ಚಲೋ ಫೋಟೋ ತಗದು ತೋರ್ಸು. ನಮ್ಮಲ್ಲೇ ಕೆಲಸಕ್ಕ ಹಚ್ಚತೇನಿ" ಎಂದಿದ್ದರು.

ಮಿರಗದ ಹುಳ ಮೊದಲ ಮಳೆಗೆ ನೆಲದಿಂದೇಳುವ ಕೆಂಪು ಮಖಮಲ್ಲಿನ ಹನಿ. ನಾಲ್ಕು ದಿನ ಕಂಡು ಮಾಯವಾಗುತ್ತದೆ. ಯುದ್ಧದಿಂದಾಗಿ ಫೋಟೋ ಮೂಡುವ ಗಾಜಿನ ಪ್ಲೇಟು ಸಿಗುತ್ತಿರಲಿಲ್ಲ. ಅಣ್ಣನ ಹತ್ತಿರ ಉಳಿದದ್ದು ಒಂದೇ.

ಹರಿವಾಣದಲ್ಲಿ ಹಸಿಮಣ್ಣು ಹರಡಿ ಹುಳವನ್ನು ಬಿಟ್ಟ. ಅದರ ಮೇಲೆ ಬಿಸಿಲು ಬೀಳುವಂತೆ ಕನ್ನಡಿ ಹಿಡಿಯುವುದು ನನ್ನ ಕೆಲಸ.

"ಕೈ ಅಲುಗಿಸಬ್ಯಾಡ."

"ಹುಳಾನ ಅಲುಗಾಡಿದ್ರ?"

"ನಿನಗಿಂತ ಅದಕ್ಕ ಬುದ್ಧಿ ಐತಿ."

ಹುಲ್ಲುಕಡ್ಡಿಯಿಂದ ಮುಟ್ಟಿದ. ಹುಳ ಕಾಲು ಮುದುಡಿತು. ಮತ್ತೆ ಕಾಲು ಚಾಚಿದಾಗ ಕ್ಯಾಮೆರಾದ ಬಾಯಿ ತೆರೆದು, ಎಂಟರವರೆಗೆ ಎಣಿಸಿ ಮುಚ್ಚಿದ. ಗಾಜಿದ್ದ ಚಪ್ಪಟೆ ಪೆಟ್ಟಿಗೆಯನ್ನು ಕ್ಯಾಮೆರಾದಿಂದ ಹೊರತೆಗೆದು ತಟ್ಟಿ, "ಹುಳ ಈಗ ಇದರಾಗ ಐತಿ" ಎಂದು ನಕ್ಕು, ಅದನ್ನು ಕಟ್ಟೆಯ ಮೇಲಿಟ್ಟು, ಗಾಜು ತೊಳೆಯಲು ಕತ್ತಲಾಗಲೆಂದು ಭತ್ತದ ಕೋಣೆಯ ಕಿಟಕಿಗೆ ಕಂಬಳಿ ಕಟ್ಟಲು ಹೋದ.

ಅಷ್ಟರಲ್ಲಿ ಅವ್ವ ಕಲಸಿದ ಕುಂಕುಮ ತಂದು ಕೊಟ್ಟಳು. "ಹುಳಕ್ಕ ಹಚ್ಚವಾ. ಅಪ್ಪ ಬೀಜಾ ತಗ್ಯಾಕ ಕಾಯಾಕತ್ತಾನ." ಆ ವರ್ಷದ ಮೊದಲ ಹುಳಕ್ಕೆ ಕುಂಕುಮವಾಗದೆ ನಮ್ಮಲ್ಲಿ ಬೀಜ ಹೊರಬೀಳುತ್ತಿರಲಿಲ್ಲ.

ಹರಿವಾಣದಲ್ಲಿ ಹುಳವಿರಲಿಲ್ಲ. ಮಣ್ಣು ಕೆದರಿದೆ, ಕಟ್ಟೆಯ ಸಂದಿಯಲ್ಲಿ ಹುಡುಕಿದೆ. ಒಳಗಿನಿಂದ ಅಪ್ಪ ಕೂಗುತ್ತಿದ್ದ. ಬೆಳಕು ತಾಗಿದರೆ ಗಾಜು ಕೆಡುತ್ತದೆ, ಪೆಟ್ಟಿಗೆಯ ಮುಚ್ಚಳ ಎಳೆಯಬಾರದೆಂದು ಅಣ್ಣ ನೂರು ಸಲ ಹೇಳಿದ್ದ. ಆದರೆ ಹುಳ ಇದರಲ್ಲಿದೆ ಎಂದವನೂ ಅವನೇ. ಎಳೆದೆ. ಹಾಲಿನ ಬಣ್ಣದ ಗಾಜು, ಹುಳವಿಲ್ಲ. ಆದರೂ ಮೂಲೆಗೆ ಒಂದು ಬೊಟ್ಟು ಇಟ್ಟು ಮುಚ್ಚಿದೆ. "ಹಚ್ಚಿದೆ" ಎಂದು ಕೂಗಿದೆ.

ಅಣ್ಣ ಪೆಟ್ಟಿಗೆ ಒಯ್ದು ಕೋಣೆಯ ಬಾಗಿಲು ಹಾಕಿಕೊಂಡ. ನಾನು ಹೊರಗೆ ಕುಳಿತು ಬೆರಳನ್ನು ಲಂಗಕ್ಕೆ ಒರೆಸಿದೆ, ಮತ್ತೆ ಒರೆಸಿದೆ. ಒಳಗೆ ನೀರಿನ ಸದ್ದು. ಆಮೇಲೆ ಅದೂ ನಿಂತಿತು.

ಹೊರಬಂದಾಗ ಕೈಯಲ್ಲಿದ್ದ ಗಾಜು ಪೂರಾ ಕಪ್ಪು, ಕುಂಕುಮ ಹತ್ತಿದ್ದ ಮೂಲೆಯಲ್ಲಷ್ಟೇ ಔಷಧಿ ತಾಗದೆ ಉಳಿದ ಬಿಳಿ ಚುಕ್ಕಿ. ಕೆಂಪು ಬಟ್ಟೆ ಸುತ್ತಿದ ಲಾಟೀನಿನ ಬೆಳಕಿನಲ್ಲಿ ಕುಂಕುಮ ಅವನಿಗೆ ಕಂಡಿರಲಿಲ್ಲ, ಆಮೇಲೆ ನೀರಿನಲ್ಲಿ ತೊಳೆದುಹೋಗಿತ್ತು.

"ತಿದಿಯಾಗ ತೂತು ಬಿದ್ದು ಬೆಳಕು ಹೊಕ್ಕೈತಿ. ಚುಕ್ಕಿ ನೀರಿನ ಗುಳ್ಳೀದು" ಎಂದ. ನನ್ನ ಮುಖ ನೋಡಿ, "ನೀ ಯಾಕ ಅಳತಿ? ಕನ್ನಡಿ ಚಂದಾನ ಹಿಡಿದಿದ್ದಿ" ಎಂದ.

ಅದೇ ಕತ್ತಲ ಕೋಣೆಯಲ್ಲಿ ಮತ್ತೆ ಕುಳಿತು, ಕ್ಯಾಮೆರಾದ ಹಿಂದಿನಿಂದ ಕಣ್ಣು ಹಚ್ಚಿ, ತಿದಿಯ ಹೊರಗೆ ದೀಪ ಹಿಡಿಯಲು ನನಗೆ ಹೇಳಿದ. ಒಂದೊಂದು ಮಡಿಕೆಗೂ ದೀಪ ಸರಿಸಿದೆ.

"ಇನ್ನೊಮ್ಮೆ ಹಿಡಿ."

ಹಿಡಿದೆ. ಇಲ್ಲದ ತೂತನ್ನು ಮೂರು ದಿನ ಹುಡುಕಿದ. ಅನುಮಾನ ಬಂದಲ್ಲೆಲ್ಲ ಚರ್ಮದ ತೇಪೆ ಹಚ್ಚಿದ. ಬೇರೆ ಪ್ಲೇಟು ಸಿಗಲಿಲ್ಲ, ಅಷ್ಟರಲ್ಲಿ ಹುಳಗಳೂ ಮಾಯವಾದವು. ಸಾಹೇಬರು ಮರಳಿ ಬಂದಾಗ, "ನನ್ನ ಸಾಮಾನು ಸರಿ ಇಲ್ಲರಿ" ಎಂದು ಕೈಮುಗಿದ. ಅಕ್ಕಿ ಗಿರಣಿಯಲ್ಲಿ ಚೀಲ ತೂಗುತ್ತ ಅವನ ದಿನಗಳು ಕಳೆದವು.

ಈಗ ಇಬ್ಬರ ಕೂದಲೂ ನರೆತಿದೆ. ಮೊನ್ನೆ ಮಿರಗದ ಮಳೆಯಾಯಿತು. "ಆ ತೂತು ಎಲ್ಲಿತ್ತೋ ಏನೋ" ಎಂದ ಅಣ್ಣ, ತನ್ನಷ್ಟಕ್ಕೆ. ನನ್ನ ಕೈಯಲ್ಲಿ ಕುಂಕುಮದ ಬಟ್ಟಲಿತ್ತು.

"ಹುಳಕ್ಕ ಹಚ್ಚಿ ಬರ್ತೇನಿ" ಎಂದು ಅಂಗಳಕ್ಕೆ ಇಳಿದೆ.