ಎಂಟನೆಯ ಚೀಟಿ

ಇನಾಮದಾರ ಸರ್ ಮನೆಗೆ ಬಂದ ಲಗ್ನಪತ್ರಿಕೆ ಯಾವುದೂ ಇಡಿಯಾಗಿ ಉಳಿಯುತ್ತಿರಲಿಲ್ಲ. ಧಾರವಾಡದಿಂದ, ಬೆಳಗಾವಿಯಿಂದ ಲಂಡನ್ನಿನ ಕಿಂಗ್ಸ್‌ಬರಿಗೆ ಅಂಚೆಯಲ್ಲಿ ಬರುತ್ತಿದ್ದ ಆ ದಪ್ಪ ಕಾಗದವನ್ನು ಅವರು ಒಮ್ಮೆ ಓದಿ, ಮೂಲೆಯ ಅರಿಸಿನವನ್ನು ಹೆಬ್ಬೆರಳಿನಿಂದ ಮುಟ್ಟಿ, ಆಮೇಲೆ ಕತ್ತರಿ ತರಿಸುತ್ತಿದ್ದರು. ಅಂಗೈಯಗಲದ ಚೀಟಿಗಳಾಗಿ ಕತ್ತರಿಸಿ ಪೇರಿಸಿಡುತ್ತಿದ್ದರು. ಒಂದು ಮಗ್ಗುಲಲ್ಲಿ ಅರ್ಧ ಕಡಿದುಹೋದ ವಧುವಿನ ಹೆಸರು. ಇನ್ನೊಂದು ಮಗ್ಗುಲಲ್ಲಿ ಅವರ ದುಂಡನೆಯ ಅಕ್ಷರದಲ್ಲಿ ಬಂದರು, ಕುಡಿಯುವ ನೀರು, ಶಿಕ್ಷಕರ ತರಬೇತಿ, ಮೀನುಗಾರಿಕೆ. ಸಣ್ಣ ದೇಶಗಳ ಮುಂದಿನ ಇಪ್ಪತ್ತು ವರ್ಷಗಳು ಅವರ ಊಟದ ಮೇಜಿನ ಮೇಲೆ ಇಸ್ಪೀಟಿನ ಎಲೆಗಳಂತೆ ಹರಡಿಕೊಂಡಿರುತ್ತಿದ್ದವು.

ಅದೇ ಅವರ ಉದ್ಯೋಗ. ಲಂಡನ್ನಿನ ಒಂದು ಸಣ್ಣ ಸಲಹಾ ಸಂಸ್ಥೆಯಲ್ಲಿ ಅವರು ಹಿರಿಯ ಅರ್ಥಶಾಸ್ತ್ರಜ್ಞ. ಕೈಯಲ್ಲಿ ಕಡಿಮೆ ಹಣ, ತಲೆಯ ಮೇಲೆ ನೂರು ತೊಂದರೆಗಳಿರುವ ದ್ವೀಪರಾಷ್ಟ್ರಗಳಿಗೆ ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಎಂದು ವರದಿ ಬರೆದುಕೊಡುವುದು ಆ ಸಂಸ್ಥೆಯ ಕೆಲಸ. ತೊಂಬತ್ತರ ದಶಕದ ನಡುವಿನಲ್ಲಿ, ನನ್ನ ಎಂ.ಎಸ್ಸಿ. ಮುಗಿದ ವರ್ಷ, ನಾನು ಅವರ ಸಹಾಯಕಿಯಾಗಿ ಸೇರಿದೆ. ಹತ್ತಿರದ ಕೊಲಿಂಡೇಲ್‌ನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಆಫೀಸಿನಲ್ಲಿ ಫೋನಿನ ಕಾಟವೆಂದು ಅವರು ನಿಜವಾದ ಕೆಲಸವನ್ನು ಮನೆಯಲ್ಲೇ ಮಾಡುತ್ತಿದ್ದರು; ಹಾಗಾಗಿ ವಾರದಲ್ಲಿ ಮೂರು ದಿನ ನಾನೂ ಅದೇ ಊಟದ ಮೇಜಿಗೆ. ಹೆಂಡತಿ ಸುಧಾ ಆಂಟಿ ಆಸ್ಪತ್ರೆಯಲ್ಲಿ ಅರಿವಳಿಕೆಯ ಡಾಕ್ಟರು. ಪಾಳಿ ಮುಗಿಸಿ ಬಂದವರೇ ಚೀಟಿಗಳನ್ನು ಒಂದು ಬದಿಗೆ ಸರಿಸಿ ನಮಗಿಬ್ಬರಿಗೂ ತಟ್ಟೆ ಹಾಕುತ್ತಿದ್ದರು.

ನಾನು ಮೈಸೂರಿನವಳು, ಮಾತು ಕಡಿಮೆ. ಸರ್ ಅದನ್ನು ಮೊದಲ ದಿನವೇ ಗಮನಿಸಿದರು. "ಮಾತು ಕಡಿಮಿ ಇದ್ದವರ ಲೆಕ್ಕ ತಪ್ಪೂದಿಲ್ಲ, ತಂಗಿ" ಎಂದರು. ಅಂದಿನಿಂದ ನನ್ನ ಕೆಲಸವನ್ನು ಅವರು ಒಮ್ಮೆಯೂ ತಿರುಗಿ ನೋಡಲಿಲ್ಲ.

ಎಲ್ಲಿ ಹೋದರೂ ಅವರದು ಒಂದೇ ಪ್ರಶ್ನೆ: ಮೊದಲನೇದ್ದು ಯಾವುದು? ಒಬ್ಬರ ಮನೆಯ ಊಟದಲ್ಲಿ ಎಣ್ಣೆಗಾಯಿ, ಚಪಾತಿ, ಝುಣಕ, ಹೋಳಿಗೆ ಎಲ್ಲವನ್ನೂ ಹೊಗಳಿ, ಆಮೇಲೆ ಸಾಲು ಹಚ್ಚಲು ಕೂತರು. ಹೋಳಿಗೆ ನಾಲ್ಕನೆಯದಾಯಿತು. ಆ ಮನೆಯಾಕೆ ಎರಡು ದೀಪಾವಳಿಗಳವರೆಗೆ ಅವರನ್ನು ಕರೆಯಲಿಲ್ಲ. ಆ ಮಾತು ಬಂದಾಗಲೆಲ್ಲ ಸುಧಾ ಆಂಟಿ, ನನ್ನನ್ನ ಎಷ್ಟನೇದ್ದಕ್ಕ ಇಟ್ಟಾರೋ ಕೇಳಬ್ಯಾಡ, ಎನ್ನುತ್ತಿದ್ದರು.

ಆದರೆ ಆ ಪ್ರಶ್ನೆಯಲ್ಲಿ ಅವರ ಪ್ರತಿಭೆಯೂ ಇತ್ತು. ಒಂದು ಚರ್ಚಿನ ಹಾಲಿನಲ್ಲಿ ಶನಿವಾರಗಳಂದು ಮಕ್ಕಳಿಗೆ ಕನ್ನಡ ಪಾಠ ನಡೆಯುತ್ತಿತ್ತು. ಮಕ್ಕಳು ಬರುವುದು ಕಡಿಮೆಯಾದಾಗ ಹಿರಿಯರು ಸಭೆ ಸೇರಿ ಹೊಸ ಪುಸ್ತಕ, ಬೆಂಗಳೂರಿನಿಂದ ಶಿಕ್ಷಕರು, ನಾಟಕದ ಉಡುಪು ಎಂದು ಒಂದು ಮಧ್ಯಾಹ್ನವಿಡೀ ವಾದಿಸಿದರು. ಸರ್ ಎದ್ದು ಹೋಗಿ, ಹೊರಗೆ ಆಡುತ್ತಿದ್ದ ಒಂದು ಹುಡುಗಿಯನ್ನು ಕರೆತಂದು, ನಿನಗೆ ಇಲ್ಲಿಗೆ ಬರಲು ಯಾಕೆ ಬೇಸರ ಎಂದು ಕನ್ನಡದಲ್ಲಿ ಕೇಳಿದರು. ಅವಳು ಇಂಗ್ಲಿಷಿನಲ್ಲಿ, ಕಾಲು ಮರಗಟ್ಟುತ್ತದೆ ಎಂದಳು. ಸರ್ ಚೀಟಿ ತೆಗೆದು "ಹೀಟರ್" ಎಂದು ಬರೆದು ಮೇಜಿನ ಮೇಲಿಟ್ಟರು. ಹೀಟರ್ ಬಂತು, ಮಕ್ಕಳೂ ಬಂದರು.

"ಬ್ಯಾನಿ ಯಾರಿಗದನೋ ಅವರನ್ನ ಮೊದಲು ಕೇಳಬೇಕು" ಎಂದರು ದಾರಿಯಲ್ಲಿ. "ಉಳಿದವರದು ಬರೇ ಅಭಿಪ್ರಾಯ."

ಇನ್ನೊಂದು ಮಾತನ್ನೂ ಅವರೇ ಕಲಿಸಿದ್ದು. ವರದಿಯಲ್ಲಿ ಎಂಟು ಆದ್ಯತೆಗಳಿರಬಹುದು, ಇಪ್ಪತ್ತಿರಬಹುದು. ಮಂತ್ರಿಗಳು ಓದುವುದು ಮೂರನ್ನು ಮಾತ್ರ. "ಮೂರರ ಕೆಳಗ ಬಿದ್ದದ್ದು ಸತ್ತಂಗ, ತಂಗಿ. ಅದಕ್ಕ ಚೀಟಿ ಇಡೂ ಮುಂದ ಕೈ ನಡುಗಬೇಕು."

ಎರಡನೆಯ ವರ್ಷ ನನ್ನನ್ನು ಮೂರು ವಾರ ಒಂದು ದ್ವೀಪರಾಷ್ಟ್ರಕ್ಕೆ ಕರೆದುಕೊಂಡು ಹೋದರು. ಅದರ ಹೆಸರು ಇಲ್ಲಿ ಬರೆಯುವುದಿಲ್ಲ. ಭೂಪಟದಲ್ಲಿ ಅದು ನೊಣ ಕೂತು ಹೋದ ಗುರುತಿನಷ್ಟಿದೆ. ಆಸ್ಪತ್ರೆ ಇರುವುದು ದೊಡ್ಡ ದ್ವೀಪದಲ್ಲಿ. ಸುತ್ತ ಚದುರಿದ ಕಿರುದ್ವೀಪಗಳಲ್ಲಿ ಒಬ್ಬೊಬ್ಬ ದಾದಿ, ಒಂದೊಂದು ತಗಡಿನ ಮನೆ. ಮೆರೇಟಾ ಎಂಬ ದಾದಿ ಅಂಥದೊಂದು ಮನೆಯಲ್ಲಿದ್ದಳು. ಹೆರಿಗೆ ಕಷ್ಟವಾದ ಹೆಂಗಸನ್ನು ಮೀನಿನ ದೋಣಿಯಲ್ಲಿ ಮಲಗಿಸಿ ಆಸ್ಪತ್ರೆಗೆ ಕಳಿಸಬೇಕು. ಗಾಳಿ ಒಪ್ಪಿದರೆ ಅರ್ಧ ದಿನದ ದಾರಿ, ಒಪ್ಪದಿದ್ದರೆ ದಾರಿಯೇ ಇಲ್ಲ. ಅವಳು ಶಾಲೆಯ ನೋಟ್‌ಬುಕ್ಕೊಂದನ್ನು ತಂದು ಸರ್ ಕೈಗೆ ಕೊಟ್ಟಳು. ಅದರಲ್ಲಿ ಬರೀ ಹೆಸರುಗಳು. ಆ ದಾರಿಯಲ್ಲಿ ತೀರಿಕೊಂಡ ಹೆಂಗಸರವು.

ಸರ್ ಒಂದೊಂದು ಹೆಸರನ್ನೂ ಮೆಲ್ಲನೆ ಬಾಯಿಬಿಟ್ಟು ಓದಿದರು. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಕನ್ನಡಕ ತೆಗೆದರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ದಡದಲ್ಲಿ ನಮ್ಮನ್ನು ಬೀಳ್ಕೊಡಲು ಬಂದ ಮೆರೇಟಾಳ ಎರಡೂ ಕೈ ಹಿಡಿದು, ಔಷಧಿಯೂ ನರ್ಸೂ ಇರುವ ಯಂತ್ರದ ದೋಣಿಯೊಂದು ನಮ್ಮ ಪಟ್ಟಿಯ ಮೊದಲ ಸಾಲಿನಲ್ಲಿರುತ್ತದೆ, ಇದು ನನ್ನ ಮಾತು ಎಂದರು. ಅಲ್ಲೇ ನಿಂತು ಜೇಬಿನಿಂದ ಚೀಟಿ ತೆಗೆದು "ಆಸ್ಪತ್ರೆ ದೋಣಿ" ಎಂದು ಬರೆದು ನನಗೆ ಕೊಟ್ಟರು. "ಇದನ್ನ ಮ್ಯಾಲೆ ಇಡು. ಯಾರರೆ ಕೆಳಗ ಸರಿಸಿದ್ರ ನನಗ ಹೇಳು."

ಸರಿಸಿದವರು ಅವರೇ.

ಲಂಡನ್ನಿಗೆ ಮರಳಿದ ಮೇಲೆ, ವರದಿಗೆ ಹಣ ಕೊಡುತ್ತಿದ್ದವರ ಜೊತೆ ಅವರದೊಂದು ಸಭೆಯಾಯಿತು. ಹಣ ಕೊಡುವವರಿಗೆ ಬೇಕಾಗಿದ್ದದ್ದು ದೊಡ್ಡ ಹಡಗುಗಳು ನಿಲ್ಲುವ ಬಂದರು. ಅದಕ್ಕೆ ಒಪ್ಪಿದರೆ ಇನ್ನೂ ಮೂರು ದೇಶಗಳ ವರದಿ ಸರ್ ಹೆಸರಿಗೆ ಬರುವುದಿತ್ತು. ಮಾರನೆಯ ದಿನ ನಾನು ಹೋದಾಗ ಮೇಜಿನ ಮೇಲೆ ಬಂದರಿನ ಚೀಟಿ ಮೊದಲಿತ್ತು. ದೋಣಿಯನ್ನು ಹುಡುಕಿದೆ. ಎಂಟನೆಯದಾಗಿತ್ತು, ಕೊನೆಯದು.

"ಸರ್, ಇದು ಎಂಟನೆಯದಾ?" ಎಂದೆ.

"ಎಂಟನೇದ್ದು ಅಂದ್ರ ಇಲ್ಲ ಅಂತೇನಲ್ಲ."

"ಮೂರರ ಕೆಳಗೆ ಬಿದ್ದದ್ದು ಸತ್ತ ಹಾಗೆ ಅಂತ ನೀವೇ ಹೇಳಿದ್ರಿ."

ಅವರು ಚೀಟಿಗಳ ಅಂಚು ಸರಿಪಡಿಸುತ್ತ ಕೂತರು. "ಅದು ಪಾಠ, ತಂಗಿ. ಇದು ಕೆಲಸ."

ತಟ್ಟೆ ಹಾಕಲು ಬಂದ ಸುಧಾ ಆಂಟಿ ಚೀಟಿಗಳನ್ನು ಸರಿಸದೆ ನಿಂತು ಓದಿದರು. ನೋಟ್‌ಬುಕ್ಕಿನ ಕಥೆಯನ್ನು ಸರ್ ಲಂಡನ್ನಿಗೆ ಮರಳಿದ ದಿನವೇ ಆಂಟಿಗೆ ಹೇಳಿದ್ದರು. "ಬಸುರಿ ಹೆಣ್ಣುಮಕ್ಕಳನ್ನ ಎಂಟನೇದ್ದಕ್ಕ ಕೂಡಿಸಿದ್ರೇನು?" ಎಂದರು. ಅವತ್ತು ನಾವು ಮೂವರೂ ಅಡುಗೆಮನೆಯಲ್ಲಿ ನಿಂತೇ ಉಂಡೆವು.

ಅವರು ಆ ದಡದಲ್ಲಿ ಅಳದೇ ಇದ್ದಿದ್ದರೆ ನಾನು ಕ್ಷಮಿಸುತ್ತಿದ್ದೆನೇನೋ. ಎಲ್ಲ ಕಡೆ ನಡೆಯುವುದೇ ಇದು ಎಂದುಕೊಂಡು ಟೈಪು ಮಾಡಿಕೊಟ್ಟು ಸುಮ್ಮನಾಗುತ್ತಿದ್ದೆ. ಆದರೆ ಅವರು ನಿಜವಾಗಿ ಅತ್ತಿದ್ದರು. ಗೊತ್ತಿದ್ದೂ ಮಾಡಿದ್ದರು. ಅದಕ್ಕೆ ತಕ್ಕದ್ದನ್ನು ಕೊಡಬೇಕೆಂದು ನಾನು ಆ ವಾರವೇ ತೀರ್ಮಾನಿಸಿದೆ, ಮತ್ತು ಎರಡು ತಿಂಗಳು ಕಾದೆ. ಆ ಎರಡು ತಿಂಗಳು ನಾನು ಅವರ ಮನೆಯಲ್ಲಿ ಊಟ ಮಾಡಿದೆ, ಅವರ ತಮಾಷೆಗಳಿಗೆ ನಕ್ಕೆ, ವರದಿಯ ಕರಡು ತಿದ್ದಿದೆ. ಒಂದು ಅಲ್ಪವಿರಾಮವೂ ತಪ್ಪದಂತೆ, ದೋಣಿಯನ್ನು ಎಂಟನೆಯ ಸ್ಥಾನದಲ್ಲೇ ಇಟ್ಟು, ಮುದ್ರಣಕ್ಕೆ ಕಳಿಸಿದೆ.

ವರದಿ ಒಪ್ಪಿಸುವ ಸಭೆಗೆ ಆ ದೇಶದ ಹಣಕಾಸು ಮಂತ್ರಿ ಬಂದಿದ್ದರು, ಹಣ ಕೊಡುವವರಿದ್ದರು, ನಮ್ಮ ಸಂಸ್ಥೆಯ ನಿರ್ದೇಶಕರಿದ್ದರು. ಎಲ್ಲರ ಮುಂದೆಯೂ ಅಚ್ಚಾದ ವರದಿ. ಸರ್ ಕಾಗದ ನೋಡಿ ಮಾತಾಡುವವರಲ್ಲ. ಪರದೆಗೆ ಬೆನ್ನು ಮಾಡಿ, ಜನರ ಕಣ್ಣು ನೋಡುತ್ತ ಮಾತಾಡುತ್ತಿದ್ದರು. ಪ್ರೊಜೆಕ್ಟರಿನ ಬಳಿ ನಿಂತು ಅದರ ಗಾಜಿನ ಮೇಲೆ ಪಾರದರ್ಶಕ ಹಾಳೆ ಬದಲಿಸುವುದು ನನ್ನ ಕೆಲಸ. ನಾನು ಇನ್ನೊಂದು ಜೊತೆ ಹಾಳೆಗಳನ್ನು ಮಾಡಿಸಿ ತಂದಿದ್ದೆ. ಮೊದಲ ಆದ್ಯತೆ ಎಂದು ಸರ್ ಕೈಯೆತ್ತಿದ ಕೂಡಲೇ ಅದನ್ನು ಗಾಜಿನ ಮೇಲಿಟ್ಟೆ. ಒಂದು ಎಂಬ ಅಂಕಿ, ಅದರ ಮುಂದೆ ಆಸ್ಪತ್ರೆ ದೋಣಿ.

ಸರ್ ಇನ್ನೂ ಬಾಯಿ ತೆರೆದಿರಲಿಲ್ಲ. ಮಂತ್ರಿ ಪೆನ್ನು ಕೆಳಗಿಟ್ಟು, ನಾನು ಹುಡುಗನಾಗಿದ್ದಾಗಿನಿಂದ ನನ್ನ ತಾಯಿ ಕೇಳುತ್ತಿದ್ದದ್ದು ಇದನ್ನೇ ಎಂದರು. ಅವರು ಕಿರುದ್ವೀಪದಲ್ಲಿ ಹುಟ್ಟಿದವರೆಂದು ನನಗೆ ಮೊದಲೇ ಗೊತ್ತಿತ್ತು, ಗೊತ್ತಿದ್ದುಕೊಂಡೇ ಕಾದಿದ್ದೆ. ಸರ್ ತಿರುಗಿ ಪರದೆ ನೋಡಿದರು. ಅಷ್ಟರಲ್ಲಿ ಹಣ ಕೊಡುವವರ ಕಡೆಯ ಅಧಿಕಾರಿಯೊಬ್ಬರು ವರದಿಯ ಪುಟ ತಿರುವಿ, ಇಲ್ಲಿ ದೋಣಿ ಎಂಟನೆಯದಾಗಿದೆ, ಯಾವುದು ಸರಿ ಎಂದು ಕೇಳಿದರು.

ಸರ್ ನನ್ನ ಕಡೆ ನೋಡಿದರು. ನಾನು ಬಯಸಿದ್ದು ಆ ನೋಟವನ್ನೇ. ಅದು ಇದ್ದಷ್ಟು ಹೊತ್ತೂ ನಾನು ಅದನ್ನು ಸವಿದೆ, ಕಣ್ಣು ತಗ್ಗಿಸಲಿಲ್ಲ. ತನ್ನ ತಾಯಿಯ ಮಾತೆತ್ತಿದ ಮನುಷ್ಯನ ಎದುರು, ಪರದೆಯ ಮೇಲಿರುವುದು ತಪ್ಪು ಎಂದು ಯಾರು ಹೇಳಬಲ್ಲರು?

ಅವರು ನಕ್ಕರು. ಪರದೆಯ ಮೇಲಿರುವುದೇ ಸರಿ, ಅಚ್ಚಿನಲ್ಲಿ ತಪ್ಪಾಗಿದೆ, ನನ್ನ ಸಹಾಯಕಿಯ ಕಣ್ತಪ್ಪು, ಇನ್ನೂ ಚಿಕ್ಕವಳು ಎಂದರು. ಆಮೇಲೆ ದೋಣಿಯ ಬಗ್ಗೆ ಮಾತಾಡಿದರು. ಅಂಥ ಮಾತನ್ನು ನಾನು ಮತ್ತೆ ಕೇಳಿಲ್ಲ. ನೋಟ್‌ಬುಕ್ಕಿನ ಹೆಸರುಗಳಲ್ಲಿ ಆರೇಳು ಅವರಿಗೆ ಬಾಯಿಪಾಠವಾಗಿದ್ದವು.

ಹೊರಗೆ ಲಿಫ್ಟಿನ ಮುಂದೆ ನಾವಿಬ್ಬರೇ ನಿಂತಾಗ, "ಹೊಟ್ಯಾಗ ಇಷ್ಟು ವಿಷ ಇಟ್ಕೊಂಡು ನನ್ನ ಮನ್ಯಾಗ ಉಂಡಿ" ಎಂದರು.

"ಹೌದು ಸರ್."

"ತಪ್ಪು ನಿಂದಽ ಅಂತ ಬರಸ್ತೀನಿ, ಗೊತ್ತಿರಲಿ."

ಬರೆಸಿದರು. ಸಹಾಯಕಿಯ ಅಜಾಗರೂಕತೆಯಿಂದ ಎಂಟನೆಯದಾಗಿ ಅಚ್ಚಾಗಿರುವುದನ್ನು ಒಂದನೆಯದೆಂದು ಓದಿಕೊಳ್ಳಬೇಕೆಂದು, ನನ್ನ ಪೂರ್ತಿ ಹೆಸರಿನೊಂದಿಗೆ, ಬೆರಳುದ್ದದ ಕಾಗದಗಳು ಅಚ್ಚಾಗಿ ಬಂದವು. ಅವನ್ನು ಪ್ರತಿಯೊಂದು ಪ್ರತಿಗೂ ಅಂಟಿಸುವ ಕೆಲಸವನ್ನೂ ನನಗೇ ಕೊಟ್ಟರು. ನಾನು ಮೂರು ದಿನ ಕೂತು, ಒಂದೂ ಸೊಟ್ಟಗಾಗದಂತೆ, ಅಂಚಿಗೆ ಅಂಚು ಹೊಂದಿಸಿ ಅಂಟಿಸಿದೆ. ಪ್ರತಿ ಸಲ ಗೋಂದಿನ ಮೇಲೆ ಬೆರಳೊತ್ತುವಾಗ, ಈ ಏಟು ನಿಮಗೆ ಸರ್, ಎಂದುಕೊಂಡೆ.

ಆ ವರ್ಷದ ಕೊನೆಗೆ ನನ್ನ ಕೆಲಸ ಮುಂದುವರಿಯಲಿಲ್ಲ. ಆ ಕ್ಷೇತ್ರ ಚಿಕ್ಕದು. ಬೇರೆ ಎರಡು ಕಡೆ ಸಂದರ್ಶನಕ್ಕೆ ಹೋದಾಗ ನನ್ನ ಹೆಸರಿನ ಆ ತಿದ್ದುಪಡಿಯ ಕಾಗದ ನನಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ನಮ್ಮ ಪುರಸಭೆಯಂಥ ಕೌನ್ಸಿಲ್ಲಿನ ಮನೆಗಳ ವಿಭಾಗದಲ್ಲಿ ಗುಮಾಸ್ತೆಯಾದೆ. ಅದಾದ ಮೂರನೆಯ ವರ್ಷ ಮೆರೇಟಾಳ ಕಾಗದ ಬಂತು. ದೋಣಿ ಬಂದಿದೆ, ಬಣ್ಣ ಚೆನ್ನಾಗಿಲ್ಲ, ಎರಡು ಮಕ್ಕಳು ಅದರಲ್ಲೇ ಹುಟ್ಟಿದವು ಎಂದು ಬರೆದಿದ್ದಳು. ಮಿಸ್ಟರ್ ಇನಾಮದಾರರಿಗೂ ತಿಳಿಸಿ ಎಂದು ಕೊನೆಯಲ್ಲಿ ಸೇರಿಸಿದ್ದಳು. ನಾನು ತಿಳಿಸಲಿಲ್ಲ.

ಅವರನ್ನು ಮತ್ತೆ ನೋಡಿದ್ದು ಹೊಸ ಶತಮಾನದಲ್ಲಿ, ಎಜ್‌ವೇರ್‌ನಲ್ಲಿ. ಮೆಟ್ಟಿಲು ಹತ್ತಲಾಗುವುದಿಲ್ಲವೆಂದು ಕಿಂಗ್ಸ್‌ಬರಿಯ ಮನೆ ಮಾರಿ ಅಲ್ಲಿ ನೆಲಮಹಡಿಯ ಒಂದು ಫ್ಲ್ಯಾಟಿಗೆ ಬಂದಿದ್ದರು. ಸುಧಾ ಆಂಟಿ ಫೋನು ಮಾಡಿ, ಒಮ್ಮೆ ಬಂದು ಹೋಗು ಎಂದಿದ್ದರು. ಸರ್ ಬಹಳ ಇಳಿದುಹೋಗಿದ್ದರು. ಎರಡು ಮಾತಿಗೊಮ್ಮೆ ಉಸಿರಿಗಾಗಿ ನಿಲ್ಲಬೇಕಾಗುತ್ತಿತ್ತು. ನನ್ನ ಕೆಲಸ ಕೇಳಿದರು. ಹೇಳಿದೆ. ಆಮೇಲೆ ಟೈಪು ಮಾಡಿದ ಒಂದು ಪತ್ರವನ್ನು ಮುಂದೆ ಚಾಚಿದರು. ಹಳೆಯ ಸಂಸ್ಥೆಗೆ ಬರೆದದ್ದು. ಆ ತಪ್ಪು ನನ್ನ ಸಹಾಯಕಿಯದಲ್ಲ, ಆದ್ಯತೆಗಳ ಕ್ರಮವನ್ನು ಕಣ್ತಪ್ಪಿನಿಂದ ಬದಲಿಸಿದವನು ನಾನು ಎಂದಿತ್ತು. ಸಹಿ ಇನ್ನೂ ಹಾಕಿರಲಿಲ್ಲ.

ಎಷ್ಟೋ ವರ್ಷ ನಾನು ಕಾದಿದ್ದ ಪತ್ರ ಅದು. ಎರಡು ಸಲ ಓದಿದೆ. ಪೆನ್ನು ತೆಗೆದು ಅವರ ಕೈಗೆ ಕೊಟ್ಟು, ಆ ಸಾಲನ್ನು ತೋರಿಸಿದೆ.

"ಕಣ್ತಪ್ಪಿನಿಂದ ಅಲ್ಲ ಸರ್. ಬೇಕೆಂದೇ ಅಂತ ಬರೀರಿ."

ಅವರು ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು. ಚಹಾ ಬಂತು, ಆರಿತು.

"ಅದೊಂದು ಶಬ್ದ ಬಿಟ್ಟುಬಿಡು, ತಂಗಿ" ಎಂದರು. "ಉಳಿದದ್ದೆಲ್ಲಾ ಕೊಟ್ಟೀನಲ್ಲ."

"ಇಲ್ಲ ಸರ್. ಉಳಿದದ್ದು ನನಗೆ ಬೇಡ."

"ಇಷ್ಟು ವರ್ಷ ಆದ್ರೂ ಸಿಟ್ಟು ಅದ ಏನು?"

"ಅದೆ ಸರ್" ಎಂದೆ. ಅವರ 'ಅದ', ನನ್ನ 'ಇದೆ' ಎರಡೂ ಬಾಯಲ್ಲಿ ಬೆರೆತು ಬಂದಿದ್ದವು. ಪತ್ರವನ್ನು ಮಡಿಸಿ ಅವರ ಚಹಾದ ಬಟ್ಟಲಿನ ಪಕ್ಕದಲ್ಲಿಟ್ಟು ಎದ್ದು ಬಂದೆ. ಬಾಗಿಲವರೆಗೂ ಅವರ ಉಸಿರಿನ ಸದ್ದು ಕೇಳುತ್ತಿತ್ತು. ತಿರುಗಿ ನೋಡಲಿಲ್ಲ.

ಏಳು ವಾರಕ್ಕೆ ಹೋಗಿಬಿಟ್ಟರು. ಹದಿಮೂರನೆಯ ದಿನದ ಊಟಕ್ಕೆ ಹೋಗಿದ್ದಾಗ ಸುಧಾ ಆಂಟಿ ನನ್ನನ್ನು ಕೋಣೆಗೆ ಕರೆದು ಒಂದು ಲಕೋಟೆ ಕೊಟ್ಟರು. ಅದೇ ಪತ್ರ. ಕೆಳಗೆ ಸಹಿ ಇತ್ತು. ಕಣ್ತಪ್ಪಿನಿಂದ ಎಂಬ ಶಬ್ದದ ಮೇಲೆ ನಡುಗುವ ಒಂದು ಗೆರೆ ಎಳೆದಿತ್ತು. ಅದರ ಜಾಗದಲ್ಲಿ ಬೇರೆ ಏನನ್ನೂ ಬರೆದಿರಲಿಲ್ಲ.

ನಾನು ಗೆರೆಯ ಮೇಲಿನ ಖಾಲಿ ಜಾಗವನ್ನು ನೋಡುತ್ತ ನಿಂತೆ. ಪೆನ್ನು ಕಾಗದಕ್ಕೆ ಒಮ್ಮೆ ತಾಗಿ ಎದ್ದ ಒಂದು ಚುಕ್ಕೆ ಅಲ್ಲಿತ್ತು, ಅಷ್ಟೇ.

"ಇನ್ನರೆ ಸಿಟ್ಟು ಮುಗೀತೇನವಾ?" ಎಂದು ಸುಧಾ ಆಂಟಿ ಕೇಳಿದರು.

"ಇಲ್ಲ ಆಂಟಿ" ಎಂದೆ.

ಅವರು ತಲೆಯಾಡಿಸಿದರು. ಹಜಾರಕ್ಕೆ ಹೋಗಿ ನನ್ನ ಕೋಟು ತಂದುಕೊಟ್ಟರು.